ಮಾಳದ ಮನೆತನದ ಮಗಳು, ಬರಗಾಲದ ಅನಾಥರ ತಾಯಿ: ಪಂಡಿತಾ ರಮಾಬಾಯಿ ಮತ್ತು ಕೇಡಗಾಂವದ ಮುಕ್ತಿ ಮಿಷನ್

ಕಾರ್ಕಳದಿಂದ ಬಜಗೋಳಿ, ಮಾಳ ದಾಟಿ ಕುದುರೆಮುಖದ ಕಡೆ ಘಾಟಿ ಹತ್ತಿದವರಿಗೆಲ್ಲ ಗಂಗಾಮೂಲದ ಹೆಸರು ಗೊತ್ತಿರುತ್ತದೆ. ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವ ಜಾಗ ಅಂತ ಶಾಲೆಯಲ್ಲೇ ಓದಿದ್ದೇವೆ. ಆದರೆ ಅದೇ ಕಾಡಿನಲ್ಲಿ 1858ರ ಏಪ್ರಿಲ್‌ನಲ್ಲಿ ಹುಟ್ಟಿದ ಒಂದು ಹೆಣ್ಣು ಮಗು ಮುಂದೆ ಸುಮಾರು ಎರಡು ಸಾವಿರ ಅನಾಥರಿಗೆ, ನಿರ್ಗತಿಕರಿಗೆ ಊಟ, ಸೂರು, ಕಸುಬು ಕೊಟ್ಟಳು ಅನ್ನುವುದು ನಮ್ಮ ತಾಲೂಕಿನಲ್ಲೇ ಹೆಚ್ಚಿನವರಿಗೆ ಗೊತ್ತಿಲ್ಲ.

ಆಕೆಯೇ ಪಂಡಿತಾ ರಮಾಬಾಯಿ. ಸಂಸ್ಕೃತ ವಿದ್ವಾಂಸರ ಮನೆಯಲ್ಲಿ ಹುಟ್ಟಿ, ಬರಗಾಲದಲ್ಲಿ ತಾನೇ ಅನಾಥಳಾಗಿ, ಮುಂದೆ ಕ್ರೈಸ್ತಳಾಗಿ ಪುಣೆ ಬಳಿಯ ಕೇಡಗಾಂವದಲ್ಲಿ ‘ಮುಕ್ತಿ’ ಅನ್ನುವ ಸಂಸ್ಥೆ ಕಟ್ಟಿದವರು. ಮಿಷನರಿ ಕೆಲಸ ಅಂದ ಕೂಡಲೇ ಹೊರದೇಶದ ಪಾದ್ರಿ ನೆನಪಾಗುತ್ತಾರೆ. ಇಲ್ಲಿ ಹಾಗಿಲ್ಲ. ಇದು ನಮ್ಮ ಘಟ್ಟದ ಹೆಣ್ಣುಮಗಳ ಕಥೆ.

ಒಂದು ನೋಟದಲ್ಲಿ

ಜನನ: 1858, ಏಪ್ರಿಲ್ 23, ಗಂಗಾಮೂಲ
ತಂದೆ: ಅನಂತ ಶಾಸ್ತ್ರಿ ಡೋಂಗ್ರೆ (ಮಾಳ ಮೂಲದ ಚಿತ್ಪಾವನ ಮನೆತನ)
ತಾಯಿ: ಲಕ್ಷ್ಮೀಬಾಯಿ
ಶಾರದಾ ಸದನ ಆರಂಭ: 1889, ಮಾರ್ಚ್ 11, ಮುಂಬಯಿ
ಮುಕ್ತಿ ಸದನ: ಕೇಡಗಾಂವ, ದೌಂಡ್ ತಾಲೂಕು, ಪುಣೆ ಜಿಲ್ಲೆ
ಕೈಸರ್-ಇ-ಹಿಂದ್ ಪದಕ: 1919
ನಿಧನ: 1922, ಏಪ್ರಿಲ್ 5
ಭಾರತ ಸರಕಾರದ ಅಂಚೆಚೀಟಿ: 1989

ಹೆಂಡತಿಗೆ ಸಂಸ್ಕೃತ ಕಲಿಸಿದ ಶಾಸ್ತ್ರಿಗಳು

ಅನಂತ ಶಾಸ್ತ್ರಿಗಳು ಪುಣೆಯಲ್ಲಿ ಓದುವಾಗ ಅವರ ಗುರುಗಳು ಪೇಶ್ವೆಯ ಅರಮನೆಗೆ ಹೋಗಿ ರಾಣಿಗೆ ಪಾಠ ಹೇಳುತ್ತಿದ್ದರು. ಹೆಂಗಸೊಬ್ಬರು ಸಂಸ್ಕೃತ ಶ್ಲೋಕ ಹೇಳುವುದನ್ನು ಕೇಳಿದ ಶಾಸ್ತ್ರಿಗಳು, ಊರಿಗೆ ಹೋದ ಮೇಲೆ ನನ್ನ ಹೆಂಡತಿಗೂ ಕಲಿಸಬೇಕು ಅಂತ ತೀರ್ಮಾನ ಮಾಡಿದರು. ಆದರೆ ಮನೆಯವರು ಒಪ್ಪಲಿಲ್ಲ. ಮೊದಲ ಹೆಂಡತಿ ತೀರಿಕೊಂಡ ಮೇಲೆ, ಗೋದಾವರಿ ತೀರದ ಯಾತ್ರೆಯಲ್ಲಿ ಒಂಬತ್ತು ವರ್ಷದ ಲಕ್ಷ್ಮೀಬಾಯಿಯನ್ನು ಮದುವೆಯಾಗಿ ಕರೆತಂದರು. ಈ ಸಲ ಹಟ ಬಿಡಲಿಲ್ಲ.

ಹೆಂಗಸಿಗೆ ಸಂಸ್ಕೃತ ಕಲಿಸುತ್ತಾರೆ ಅನ್ನುವ ದೂರು ಉಡುಪಿಯವರೆಗೂ ಹೋಯಿತು. ಅಲ್ಲಿ ವಿದ್ವಾಂಸರ ಸಭೆಯ ಮುಂದೆ ನಿಂತು, ಹೆಣ್ಣುಮಕ್ಕಳು ಪುರಾಣ, ಕಾವ್ಯ ಓದಬಹುದು ಅಂತ ಶಾಸ್ತ್ರದ ಆಧಾರದಿಂದಲೇ ಅವರು ವಾದಿಸಿದರು ಎಂದು ರಮಾಬಾಯಿ ಮುಂದೆ ಬರೆದಿದ್ದಾರೆ. ಆಮೇಲೆ ಶಾಸ್ತ್ರಿಗಳು ಊರು ಬಿಟ್ಟು ಗಂಗಾಮೂಲದ ಕಾಡಿನಲ್ಲಿ ಮನೆ ಮಾಡಿ, ಅಲ್ಲೇ ವಿದ್ಯಾರ್ಥಿಗಳನ್ನು ಇಟ್ಟುಕೊಂಡು ಪಾಠ ಹೇಳತೊಡಗಿದರು. ಬಂದವರಿಗೆಲ್ಲ ಅನ್ನ ಹಾಕಿ ಹಾಕಿ ಆಸ್ತಿ ಕರಗಿತು, ಸಾಲ ಆಯಿತು. ರಮಾಗೆ ಆರು ತಿಂಗಳಿದ್ದಾಗ ಇಡೀ ಸಂಸಾರ ಯಾತ್ರೆಗೆ ಹೊರಟಿತು. ಮಗುವನ್ನು ಬೆತ್ತದ ಪೆಟ್ಟಿಗೆಯಲ್ಲಿಟ್ಟು ಆಳಿನ ತಲೆ ಮೇಲೆ ಹೊರಿಸಿ ಘಟ್ಟ ಇಳಿಸಿದರಂತೆ.

ಅಲ್ಲಿಂದ ಅವರಿಗೆ ಸ್ವಂತ ಮನೆ ಅಂತ ಇರಲಿಲ್ಲ. ದೇವಸ್ಥಾನ, ಛತ್ರಗಳಲ್ಲಿ ಪುರಾಣ ಓದುವುದು, ಕೇಳಿದವರು ಕೊಟ್ಟದ್ದರಲ್ಲಿ ಬದುಕುವುದು. ರಮಾಗೆ ಪಾಠ ಹೇಳಿದವರು ತಾಯಿ ಲಕ್ಷ್ಮೀಬಾಯಿ. ಬೆಳಗಿನ ಜಾವ ಎಬ್ಬಿಸಿ, ಪುಸ್ತಕವಿಲ್ಲದೆ ಬಾಯಿಪಾಠ ಮಾಡಿಸುತ್ತಿದ್ದರು.

ತಾಯಿಯ ಚಟ್ಟಕ್ಕೆ ತಲೆ ಕೊಟ್ಟ ಮಗಳು

1870ರ ದಶಕದಲ್ಲಿ ಮದ್ರಾಸ್ ಪ್ರಾಂತ್ಯದಲ್ಲಿ ಬರ ಬಂತು. ಪುರಾಣ ಕೇಳುವವರಿಗೇ ಊಟವಿಲ್ಲ, ಇನ್ನು ಹೇಳುವವರಿಗೆ ಕೊಡುವವರು ಯಾರು? ಕೂಲಿ ಮಾಡಿ ಅಭ್ಯಾಸವಿಲ್ಲ, ಬೇಡಲು ನಾಚಿಕೆ. ಪಾತ್ರೆ, ಒಡವೆ ಎಲ್ಲ ಮಾರಿ ಮುಗಿದ ಮೇಲೆ ತಿರುಪತಿ ಬಳಿಯ ಕಾಡಿನಲ್ಲಿ ಸೊಪ್ಪು, ನೀರು, ಒಂದಿಷ್ಟು ಕಾಡು ಹಣ್ಣು ತಿಂದು ದಿನ ಕಳೆದರು. ಮೊದಲು ತಂದೆ ಹೋದರು. ಸ್ವಲ್ಪ ದಿನಕ್ಕೇ ತಾಯಿ, ಆಮೇಲೆ ಅಕ್ಕ.

ತಾಯಿ ತೀರಿಕೊಂಡಾಗ ಹೆಣ ಹೊರಲು ಜನ ಸಿಗಲಿಲ್ಲ. ಕೊನೆಗೆ ಇಬ್ಬರು ಮನಸ್ಸು ಮಾಡಿದರು. ಅವರ ಜೊತೆ ಅಣ್ಣ ಶ್ರೀನಿವಾಸ, ನಾಲ್ಕನೆಯವಳು ರಮಾ. ಆಕೆ ಗಿಡ್ಡ. ಹೆಗಲು ಎಟುಕದ ಕಾರಣ ಚಟ್ಟದ ಭಾರವನ್ನು ತಲೆ ಮೇಲೆ ಹೊತ್ತು ದೂರದ ಸ್ಮಶಾನಕ್ಕೆ ನಡೆದಳು. ಆಗ ಆಕೆಗೆ ಹದಿನಾರರ ಆಸುಪಾಸು.

ಮುಂದೆ ರಮಾಬಾಯಿ ಮಾಡಿದ ಕೆಲಸಕ್ಕೆಲ್ಲ ಬೇರು ಇಲ್ಲಿದೆ. ಹಸಿವು ಅಂದರೆ ಏನು, ದಿಕ್ಕಿಲ್ಲದೆ ಬೀದಿಯಲ್ಲಿ ಮಲಗುವುದು ಅಂದರೆ ಏನು ಎಂದು ಆಕೆಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅಣ್ಣ-ತಂಗಿ ದೇಶದ ಉದ್ದಗಲ ನಡೆದು 1878ರಲ್ಲಿ ಕಲ್ಕತ್ತ ಸೇರಿದರು. ಅಲ್ಲಿನ ಪಂಡಿತರು ಆಕೆಯ ಸಂಸ್ಕೃತ ಕೇಳಿ ಬೆರಗಾಗಿ ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದು ಕೊಟ್ಟರು. 1880ರಲ್ಲಿ ಅಣ್ಣ ತೀರಿಕೊಂಡರು. ಅದೇ ವರ್ಷ ಬೇರೆ ಜಾತಿಯ ಬಂಗಾಳಿ ವಕೀಲ ಬಿಪಿನ್ ಬಿಹಾರಿ ಅವರ ಜೊತೆ ಮದುವೆ. 1882ರಲ್ಲಿ ಕಾಲರಾದಿಂದ ಗಂಡನೂ ಹೋದರು. ಕೈಯಲ್ಲಿ ಉಳಿದದ್ದು ಇನ್ನೂ ವರ್ಷ ತುಂಬದ ಮಗಳು ಮನೋರಮಾ. ರಮಾಬಾಯಿಗೆ ಇನ್ನೂ 24 ತುಂಬಿರಲಿಲ್ಲ.

ಪುಣೆ, ಇಂಗ್ಲೆಂಡ್, ಅಮೆರಿಕ

ಪುಣೆಗೆ ಬಂದು ಆರ್ಯ ಮಹಿಳಾ ಸಮಾಜ ಶುರು ಮಾಡಿದರು. ಸರಕಾರದ ಹಂಟರ್ ಶಿಕ್ಷಣ ಆಯೋಗದ ಮುಂದೆ ಹೇಳಿಕೆ ಕೊಟ್ಟು, ಹೆಣ್ಣುಮಕ್ಕಳಿಗೆ ಪಾಠ ಹೇಳಲು ಶಿಕ್ಷಕಿಯರು, ಔಷಧ ಕೊಡಲು ವೈದ್ಯೆಯರು ಬೇಕು ಅಂದರು. ವೈದ್ಯಕೀಯ ಓದುವ ಆಸೆಯಿಂದ 1883ರಲ್ಲಿ ಇಂಗ್ಲೆಂಡಿಗೆ ಹೋದರು. ಕಿವಿ ಮಂದವಿದ್ದುದರಿಂದ ಅದು ಆಗಲಿಲ್ಲ. ಅದೇ ವರ್ಷ ಅಲ್ಲಿ ಕ್ರೈಸ್ತ ದೀಕ್ಷೆ ಪಡೆದರು.

ಆದರೆ ಪಾದ್ರಿಗಳು ಹೇಳಿದ್ದಕ್ಕೆಲ್ಲ ತಲೆ ಆಡಿಸುವ ಜನ ಅವರಲ್ಲ. ಯಾವ ನಂಬಿಕೆ ಒಪ್ಪಬೇಕು, ಯಾವುದು ಬೇಡ ಎಂದು ಇಂಗ್ಲೆಂಡಿನ ಧರ್ಮಗುರುಗಳ ಜೊತೆ ಪತ್ರದಲ್ಲೇ ಜಗಳ ಆಡಿದರು. ಕ್ರೈಸ್ತರಾದ ಮೇಲೂ ಸಸ್ಯಾಹಾರ ಬಿಡಲಿಲ್ಲ, ಸೀರೆ ಬಿಡಲಿಲ್ಲ.

1886ರಲ್ಲಿ ಅಮೆರಿಕಕ್ಕೆ ಹೋಗಿ ಊರೂರು ತಿರುಗಿ ಭಾಷಣ ಮಾಡಿದರು, ಬಾಲವಿಧವೆಯರ ಸ್ಥಿತಿ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. ಬಾಸ್ಟನ್‌ನಲ್ಲಿ ಹುಟ್ಟಿಕೊಂಡ ಒಂದು ಸಂಘ ಹತ್ತು ವರ್ಷ ಹಣ ಕೊಡುವುದಾಗಿ ಒಪ್ಪಿತು. ಆ ಬಲದಿಂದ 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆಯಿತು. ಮರುವರ್ಷ ಅದು ಪುಣೆಗೆ ಹೋಯಿತು.

ಮತಾಂತರದ ಜಗಳ: ಎರಡೂ ಕಡೆಯ ಮಾತು

ಶಾರದಾ ಸದನದಲ್ಲಿ ಧರ್ಮಬೋಧನೆ ಇಲ್ಲ, ಹಿಂದೂ ಹುಡುಗಿಯರು ತಮ್ಮ ಆಚಾರ ಇಟ್ಟುಕೊಳ್ಳಬಹುದು ಎಂಬುದು ಮೊದಲಿನ ಒಪ್ಪಂದ. ಆದರೆ ರಮಾಬಾಯಿ ತಮ್ಮ ಕೋಣೆಯ ಬಾಗಿಲು ತೆರೆದಿಟ್ಟೇ ಪ್ರಾರ್ಥನೆ ಮಾಡುತ್ತಿದ್ದರು, ಕೆಲವು ಹುಡುಗಿಯರು ಬಂದು ಕೂರತೊಡಗಿದರು. ಬಾ ಅಂತ ನಾನು ಕರೆದಿಲ್ಲ, ಬಂದವರನ್ನು ಹೊರಗೂ ಹಾಕುವುದಿಲ್ಲ ಅನ್ನುವುದು ಅವರ ವಾದ. ನಿನ್ನನ್ನೇ ನಂಬಿದ ಎಳೆಯ ಹುಡುಗಿಯರ ಎದುರು ತೆರೆದ ಬಾಗಿಲೂ ಒಂದು ಆಹ್ವಾನವೇ ಅನ್ನುವುದು ಎದುರಿನವರ ವಾದ.

ತಿಲಕರ ‘ಕೇಸರಿ’ ಪತ್ರಿಕೆ ಕಟುವಾಗಿ ಟೀಕಿಸಿತು. 1893ರಲ್ಲಿ ರಾನಡೆ, ಭಂಡಾರ್ಕರ್ ಅವರಂಥ ಸುಧಾರಕರೇ ಸಲಹಾ ಮಂಡಳಿ ಬಿಟ್ಟರು. ಹಲವು ಮನೆಯವರು ಹುಡುಗಿಯರನ್ನು ಬಿಡಿಸಿಕೊಂಡು ಹೋದರು.

ಈ ಜಗಳದಿಂದ ಒಂದು ಒಳ್ಳೆಯದೂ ಆಯಿತು. ಶಾರದಾ ಸದನದ ಮೊದಲ ವಿದ್ಯಾರ್ಥಿನಿಯರಲ್ಲಿ ಒಬ್ಬರಾದ ಬಾಲವಿಧವೆ ಗೋದೂಬಾಯಿಯನ್ನು 1893ರಲ್ಲಿ ಮದುವೆಯಾದವರು ಧೋಂಡೋ ಕೇಶವ ಕರ್ವೆ. ಅವರು 1896ರಲ್ಲಿ ಪುಣೆಯಲ್ಲಿ ಹಿಂದೂ ವಿಧವೆಯರಿಗಾಗಿ ಬೇರೆಯೇ ಆಶ್ರಮ ಶುರು ಮಾಡಿದರು. ಬೈಯುತ್ತಾ ಕೂರುವ ಬದಲು ತಾವೂ ಒಂದು ಮನೆ ಕಟ್ಟಿದರು.

ಬರದ ಶಿಬಿರಗಳಲ್ಲಿ ಮೊದಲು ತಲುಪಿದವರು ಯಾರು?

1896–97ರಲ್ಲಿ ಮಧ್ಯಪ್ರಾಂತ್ಯದಲ್ಲಿ ಭೀಕರ ಬರ. ತನ್ನ ಹರೆಯದ ಹಸಿವು ನೆನಪಾಗಿ ರಮಾಬಾಯಿ ಅಲ್ಲಿಗೆ ಹೊರಟರು. ಸರಕಾರದ ಪರಿಹಾರ ಶಿಬಿರ, ಬಡವರ ಛತ್ರಗಳಲ್ಲಿ ಅವರು ಕಂಡದ್ದು ಬರೀ ಎಲುಬಿನ ಮಕ್ಕಳನ್ನಲ್ಲ. ಒಂಟಿ ಹುಡುಗಿಯರನ್ನು ಪುಸಲಾಯಿಸಿ ಕರೆದೊಯ್ಯುವ ದಲ್ಲಾಳಿಗಳು, ಹೆಂಗಸರೂ ಸೇರಿ, ಅಲ್ಲಿ ಓಡಾಡುತ್ತಿದ್ದರು. ಒಂದು ಹೊತ್ತಿನ ಊಟ, ಒಂದು ಸೀರೆ ತೋರಿಸಿದರೆ ಸಾಕು, ಹಸಿದ ಮಗು ಹಿಂದೆ ಹೋಗುತ್ತದೆ. ಇದನ್ನು ರಮಾಬಾಯಿ ಮುಚ್ಚುಮರೆಯಿಲ್ಲದೆ ಬರೆದರು.

ಬರದಲ್ಲಿ ದಿಕ್ಕಿಲ್ಲದ ಮಗುವನ್ನು ಯಾರು ಮೊದಲು ತಲುಪುತ್ತಾರೋ ಅದರ ಮೇಲೆ ಆ ಮಗುವಿನ ಇಡೀ ಬದುಕು ನಿಂತಿರುತ್ತದೆ. ಹಾಗಾಗಿ ಯಾವ ಜಾತಿ, ಯಾವ ವಯಸ್ಸು ಅಂತ ನೋಡದೆ ಅವರು ಸುಮಾರು 300 ಜನರನ್ನು ಕರೆತಂದರು. ಅಷ್ಟು ಹೊತ್ತಿಗೆ ಪುಣೆಯಲ್ಲಿ ಪ್ಲೇಗ್. ಹೊಸಬರನ್ನು ಪೇಟೆಯೊಳಗೆ ಇಟ್ಟುಕೊಳ್ಳುವಂತಿಲ್ಲ. ಸಂಸ್ಥೆಯ ಖರ್ಚಿಗೆ ಆಗಲಿ ಅಂತ ಕೇಡಗಾಂವದಲ್ಲಿ ಮೊದಲೇ ಕೊಂಡಿದ್ದ ಜಮೀನಿನಲ್ಲಿ ಗುಡಿಸಲು, ಡೇರೆ ಹಾಕಿ ಮಕ್ಕಳನ್ನು ಇರಿಸಿದರು. ಬಾವಿ ತೋಡಿಸಿದರು. ಅದೇ ಮುಂದೆ ‘ಮುಕ್ತಿ’ ಆಯಿತು. ಪ್ಲೇಗ್ ಆಸ್ಪತ್ರೆಯಲ್ಲಿ ಹೆಣ್ಣುಮಕ್ಕಳನ್ನು ನಡೆಸಿಕೊಂಡ ರೀತಿಯ ಬಗ್ಗೆ ಬ್ರಿಟಿಷ್ ಸರಕಾರವನ್ನು ಪತ್ರಿಕೆಯಲ್ಲಿ ತರಾಟೆಗೆ ತೆಗೆದುಕೊಳ್ಳಲೂ ಅವರು ಹೆದರಲಿಲ್ಲ.

1899–1900ರಲ್ಲಿ ಗುಜರಾತ್, ರಾಜಸ್ಥಾನದ ಕಡೆ ಮತ್ತೆ ಬರ. ಈ ಸಲ ಬಂದವರು ಸೇರಿ ಮುಕ್ತಿಯಲ್ಲಿ ಸುಮಾರು 2,000 ಜನ ಆದರು.

ಅನ್ನದ ಜೊತೆ ಕಸುಬು

ಎರಡು ಸಾವಿರ ಹೊಟ್ಟೆ ತುಂಬಿಸುವುದು ಹುಡುಗಾಟವಲ್ಲ. ಇದರ ಲೆಕ್ಕ ಅಂಗಡಿ ನಡೆಸುವವರಿಗೆ ಚೆನ್ನಾಗಿ ಅರ್ಥವಾಗುತ್ತದೆ. ಬರೀ ದಾನ ನಂಬಿದರೆ ದಾನ ನಿಂತ ದಿನ ಒಲೆಯೂ ಆರುತ್ತದೆ. ಅದಕ್ಕೇ ಮುಕ್ತಿಯಲ್ಲಿ ಹೊಲ, ತೋಟ, ಹೈನು, ನೇಯ್ಗೆ ಮಗ್ಗ, ಎಣ್ಣೆ ಗಾಣ, ಹೊಲಿಗೆ, ಬೆತ್ತದ ಕೆಲಸ, ಮುದ್ರಣಾಲಯ ಎಲ್ಲವೂ ಇತ್ತು. ಅಚ್ಚುಮೊಳೆ ಜೋಡಿಸುವುದರಿಂದ ಪುಸ್ತಕ ಕಟ್ಟುವವರೆಗೆ ಹುಡುಗಿಯರೇ ಮಾಡುತ್ತಿದ್ದರು. ರಮಾಬಾಯಿ ಮೂಲ ಹೀಬ್ರೂ, ಗ್ರೀಕ್ ಕಲಿತು ಸರಳ ಮರಾಠಿಗೆ ಮಾಡಿದ ಬೈಬಲ್ ಅನುವಾದವನ್ನೂ ಅಲ್ಲೇ ಅಚ್ಚು ಹಾಕಿದರು. ಅದು ಪೂರ್ತಿಯಾಗಿ ಹೊರಬಂದದ್ದು 1924ರಲ್ಲಿ, ಅವರು ತೀರಿಕೊಂಡ ಮೇಲೆ.

ಎಲ್ಲರನ್ನೂ ಒಂದೇ ಕೊಟ್ಟಿಗೆಯಲ್ಲಿ ಕೂಡಿ ಹಾಕಲಿಲ್ಲ. ಮೋಸ ಹೋದ, ಶೋಷಣೆಗೆ ಒಳಗಾದ ಹೆಂಗಸರಿಗೆ ಕೃಪಾ ಸದನ, ಮುದುಕಿಯರಿಗೆ ಪ್ರೀತಿ ಸದನ, ಗಂಡುಮಕ್ಕಳಿಗೆ ಬೇರೆ ಮನೆ. ಕಣ್ಣು ಕಾಣದವರಿಗೆ ಬ್ರೈಲ್ ಕಲಿಸಲು ಮಗಳು ಮನೋರಮಾ ಮುಂದಾದರು.

ಕನ್ನಡ ನಾಡಿನ ಜೊತೆ ಇನ್ನೊಂದು ನಂಟೂ ಉಂಟು. ಆಗ ನಿಜಾಮರ ಸೀಮೆಯಲ್ಲಿದ್ದ ಗುಲ್ಬರ್ಗದಲ್ಲಿ (ಇಂದಿನ ಕಲಬುರಗಿ) 1912ರಲ್ಲಿ ರಮಾಬಾಯಿ ಶಾಲೆ ತೆರೆದರು, ಮನೋರಮಾ ಅದರ ಮುಖ್ಯಸ್ಥೆಯಾದರು. ಆದರೆ 1921ರಲ್ಲಿ ಮನೋರಮಾ ತಾಯಿಗಿಂತ ಮೊದಲೇ ತೀರಿಕೊಂಡರು. ಮರುವರ್ಷ ರಮಾಬಾಯಿಯೂ ಹೋದರು. ಮುಕ್ತಿ ಮಿಷನ್ ಇವತ್ತಿಗೂ ಕೇಡಗಾಂವದಲ್ಲಿ ನಡೆಯುತ್ತಿದೆ.

ಒಂದು ಮಾತು ಮುಚ್ಚಿಡಬಾರದು. ಶಾರದಾ ಸದನದ ಹಾಗೆ ಮುಕ್ತಿ ತಟಸ್ಥ ಸಂಸ್ಥೆಯಲ್ಲ. ಅದು ಬಹಿರಂಗವಾಗಿ ಕ್ರೈಸ್ತ ಸಂಸ್ಥೆ, ಅಲ್ಲಿ ಬೆಳೆದ ಬಹಳ ಮಕ್ಕಳು ಕ್ರೈಸ್ತರಾದರು. ಹಸಿದು ಬಂದ ಮಗುವಿಗೆ ಧರ್ಮ ಆರಿಸಿಕೊಳ್ಳುವ ಸ್ವಾತಂತ್ರ್ಯ ನಿಜವಾಗಿ ಎಷ್ಟಿರುತ್ತದೆ ಅನ್ನುವ ಪ್ರಶ್ನೆ ಅಂದೂ ಇತ್ತು, ಇಂದೂ ಉಂಟು. ಆ ದಿನ ಅವರು ಹೋಗದಿದ್ದರೆ ಆ ಮಕ್ಕಳಲ್ಲಿ ಎಷ್ಟು ಜನ ಬದುಕಿರುತ್ತಿದ್ದರು ಅನ್ನುವುದೂ ಅಷ್ಟೇ ದೊಡ್ಡ ಪ್ರಶ್ನೆ. ಓದುಗರು ಎರಡನ್ನೂ ಒಟ್ಟಿಗೆ ಇಟ್ಟುಕೊಂಡೇ ನೋಡಬೇಕು.

ಕರಾವಳಿ ಮತ್ತು ಬೆಂಗಳೂರಿನಲ್ಲಿ

ನಮ್ಮ ಕರಾವಳಿಗೆ 1834ರಲ್ಲಿ ಬಂದ ಬಾಸೆಲ್ ಮಿಷನ್ ಅಂದರೆ ಹೆಂಚು, ಬಟ್ಟೆ, ಮುದ್ರಣ ಅಂತ ನೆನಪು ಮಾಡಿಕೊಳ್ಳುತ್ತೇವೆ. ಅವರೂ ಶಾಲೆಗಳ ಜೊತೆ ಅನಾಥ ಮಕ್ಕಳ ವಸತಿಗಳನ್ನು ನಡೆಸಿದ್ದರು. ಬೆಂಗಳೂರಿನಲ್ಲಿ ಡಾನ್ ಬಾಸ್ಕೊ ಪಂಗಡದ ಸಲೇಸಿಯನ್ ಧರ್ಮಗುರುಗಳು 1980ರಿಂದ ‘ಬಾಸ್ಕೊ’ ಹೆಸರಿನಲ್ಲಿ ಬೀದಿ ಮಕ್ಕಳ ಜೊತೆ ಕೆಲಸ ಮಾಡುತ್ತಿದ್ದಾರೆ. ಮಕ್ಕಳು ಬರಲಿ ಅಂತ ಕಾಯದೆ ರೈಲು ನಿಲ್ದಾಣ, ಬಸ್ ಸ್ಟ್ಯಾಂಡ್, ಮಾರುಕಟ್ಟೆಗೇ ಹೋಗಿ ಮಾತಾಡಿಸುವುದು ಅವರ ಕ್ರಮ. ಮನೆ ಬಿಟ್ಟು ಬಂದ ಹುಡುಗನಿಗೆ ದಲ್ಲಾಳಿಗಿಂತ ಮೊದಲು ಒಳ್ಳೆಯವರು ಸಿಗಬೇಕು ಎಂಬ ರಮಾಬಾಯಿಯ ಲೆಕ್ಕವೇ ಇದು.

ಇವತ್ತು ನಿಮ್ಮ ಅಂಗಡಿ ಮುಂದೆ ಒಂಟಿ ಮಗು ಕಂಡರೆ

ರಮಾಬಾಯಿ ಕಾಲದಲ್ಲಿ ಸಿಕ್ಕಿದ ಮಗುವನ್ನು ಮನೆಗೆ ಕರೆತಂದು ಸಾಕಬಹುದಿತ್ತು. ಈಗ ಹಾಗೆ ಮಾಡುವಂತಿಲ್ಲ. ಬಾಲನ್ಯಾಯ ಕಾಯ್ದೆ 2015ರ ಪ್ರಕಾರ ನಿಯಮ ಹೀಗಿದೆ. ಬಸ್ ಸ್ಟ್ಯಾಂಡ್ ಬಳಿಯ ಹೋಟೆಲ್, ಅಂಗಡಿಯವರು ಇದನ್ನು ನೆನಪಿಟ್ಟುಕೊಂಡರೆ ಒಳ್ಳೆಯದು.

1. 1098ಕ್ಕೆ ಫೋನ್ ಮಾಡಿ. ಇದು ಮಕ್ಕಳ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ, ದುಡ್ಡು ಹೋಗುವುದಿಲ್ಲ. 112ಕ್ಕೂ ಮಾಡಬಹುದು. ಮಗು ಕಳೆದುಹೋಗಿದೆ, ಅನಾಥ ಅಥವಾ ಯಾರೋ ಬಿಟ್ಟುಹೋಗಿದ್ದಾರೆ ಅಂತ ಕಂಡರೆ 24 ಗಂಟೆಯೊಳಗೆ ತಿಳಿಸುವುದು ಕಾನೂನಿನ ಕರ್ತವ್ಯ. ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿ ದಂಡ, ಇಲ್ಲವೇ ಎರಡೂ.

2. ಅವರು ಬರುವವರೆಗೆ ಮಗುವಿಗೆ ಊಟ, ನೀರು ಕೊಟ್ಟು ಜನ ಕಾಣುವ ಜಾಗದಲ್ಲೇ ಕೂರಿಸಿ. ‘ನನ್ನ ಸಂಬಂಧಿಕರ ಮಗು’ ಅಂತ ಯಾರಾದರೂ ಬಂದರೆ ಹಾಗೇ ಕೊಟ್ಟು ಕಳಿಸಬೇಡಿ. ಪೊಲೀಸರ ಎದುರೇ ಆಗಲಿ.

3. ಫೋಟೊ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ. ಸಹಾಯ ಮಾಡುವ ಮನಸ್ಸೇ ಇರಬಹುದು, ಆದರೆ ಇಂಥ ಮಗುವಿನ ಗುರುತು ಬಯಲು ಮಾಡುವುದು ತಪ್ಪು. ಮನೆಯಲ್ಲಿ ಹೊಡೆತ ತಿಂದು ಓಡಿಬಂದ ಮಗುವಾದರೆ ಹೊಡೆದವರಿಗೇ ನಾವು ವಿಳಾಸ ಕೊಟ್ಟಂತೆ.

4. ಪಾಪ ಅಂತ ಲೋಟ ತೊಳೆಯಲು ಇಟ್ಟುಕೊಳ್ಳಬೇಡಿ. 14 ವರ್ಷದೊಳಗಿನವರನ್ನು ಕೆಲಸಕ್ಕೆ ಇಟ್ಟುಕೊಂಡರೆ ಆರು ತಿಂಗಳಿಂದ ಎರಡು ವರ್ಷ ಜೈಲು, 20,000ದಿಂದ 50,000 ರೂಪಾಯಿ ದಂಡದವರೆಗೆ ಹೋಗಬಹುದು. 14ರಿಂದ 18ರವರನ್ನು ಅಪಾಯದ ಕೆಲಸಕ್ಕೆ ಹಾಕುವಂತಿಲ್ಲ.

5. ಮಗುವನ್ನು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿ ಮುಂದೆ ಹಾಜರುಪಡಿಸುತ್ತಾರೆ. ಮನೆಗೆ ಕಳಿಸಬೇಕೋ, ಬಾಲಮಂದಿರವೋ, ಬೇರೆ ಸಂಸ್ಥೆಯೋ ಎಂದು ತೀರ್ಮಾನ ಮಾಡುವುದು ಆ ಸಮಿತಿ. ನಾವೂ ಅಲ್ಲ, ಯಾವ ಸಂಸ್ಥೆಯೂ ಅಲ್ಲ.

6. ಮಕ್ಕಳಿಲ್ಲದ ಪರಿಚಯದವರಿಗೆ ಮಗುವನ್ನು ‘ಕೊಡಿಸುವುದು’ ಪುಣ್ಯದ ಕೆಲಸ ಅಂತ ಕೆಲವರು ತಿಳಿದಿದ್ದಾರೆ. ನಿಯಮ ತಪ್ಪಿಸಿ ದತ್ತು ಕೊಡುವುದು, ತೆಗೆದುಕೊಳ್ಳುವುದು ಎರಡೂ ಅಪರಾಧ. ಹಣ ಕೈ ಬದಲಾದರೆ ಅದು ಮಕ್ಕಳ ಮಾರಾಟ, ಐದು ವರ್ಷದವರೆಗೆ ಜೈಲು. ಸಾಕಲು ಆಗದ ತಾಯಿ ಮಗುವನ್ನು ಸಮಿತಿಗೆ ಒಪ್ಪಿಸಬಹುದು. ಮನಸ್ಸು ಬದಲಾಯಿಸಿಕೊಳ್ಳಲು ಎರಡು ತಿಂಗಳು ಅವಕಾಶ ಉಂಟು.

ದಾನ ಕೊಡುವ ಮೊದಲು ಕೇಳಿ

ಮಕ್ಕಳ ಹುಟ್ಟುಹಬ್ಬಕ್ಕೆ, ಹಿರಿಯರ ತಿಥಿಗೆ ಆಶ್ರಮಗಳಿಗೆ ಊಟ ಕೊಡುವವರು ನಮ್ಮಲ್ಲಿ ಬಹಳ ಜನ. ಒಳ್ಳೆಯದೇ. ಆದರೆ ಕ್ರೈಸ್ತರದಾಗಲಿ, ಮಠದ್ದಾಗಲಿ, ಮಸೀದಿಯದ್ದಾಗಲಿ, ಯಾವ ಸಂಸ್ಥೆಯಾದರೂ ಮೂರು ಪ್ರಶ್ನೆ ಕೇಳಿ. ಬಾಲನ್ಯಾಯ ಕಾಯ್ದೆಯಡಿ ನೋಂದಣಿ ಆಗಿದೆಯಾ? ಇಲ್ಲಿರುವ ಮಕ್ಕಳೆಲ್ಲ ಸಮಿತಿಯ ಆದೇಶದ ಮೇಲೆ ಬಂದವರಾ? ಮಕ್ಕಳು ಯಾವ ಶಾಲೆಗೆ ಹೋಗುತ್ತಾರೆ? ಸರಿಯಾಗಿ ನಡೆಸುವವರು ಕಾಗದ ತೋರಿಸಲು ಬೇಸರ ಮಾಡುವುದಿಲ್ಲ. ನೋಂದಣಿ ಇಲ್ಲದೆ ಮಕ್ಕಳನ್ನು ಇಟ್ಟುಕೊಂಡರೆ ಒಂದು ವರ್ಷದವರೆಗೆ ಜೈಲು ಅಥವಾ ಕನಿಷ್ಠ ಒಂದು ಲಕ್ಷ ರೂಪಾಯಿ ದಂಡ ಆಗಬಹುದು.

ಧರ್ಮದ ವಿಷಯದಲ್ಲೂ ಈಗ ಅಳತೆಗೋಲು ಇದೆ. ಭಾರತ 1992ರಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ ಪ್ರಕಾರ, ಮನೆಯವರಿಲ್ಲದ ಮಗುವಿಗೆ ಆಶ್ರಯ ಕೊಡುವಾಗ ಅದರ ಧರ್ಮ, ಭಾಷೆ, ಸಂಸ್ಕೃತಿಯ ಹಿನ್ನೆಲೆಯನ್ನು ಗಮನಿಸಬೇಕು. 1893ರ ಪುಣೆಯ ಜಗಳಕ್ಕೆ ಇಂಥ ನಿಯಮ ಇರಲಿಲ್ಲ.

ಮುಂದಿನ ಸಲ ಮಾಳ ಗೇಟ್ ದಾಟಿ ಗಂಗಾಮೂಲದ ಕಡೆ ಹೋಗುವಾಗ, ಬೆತ್ತದ ಪೆಟ್ಟಿಗೆಯಲ್ಲಿ ಇದೇ ಘಟ್ಟ ಬಿಟ್ಟುಹೋದ ಆ ಮಗುವನ್ನು ನೆನಪು ಮಾಡಿಕೊಳ್ಳಿ. ಆಕೆಯ ಧರ್ಮವನ್ನು ಒಪ್ಪುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಬಸ್ ಸ್ಟ್ಯಾಂಡಿನಲ್ಲಿ ಒಂಟಿಯಾಗಿ ಕೂತ ಮಗುವನ್ನು ಮೊದಲು ನೋಡುವವರು ಮಾತ್ರ ಅಲ್ಲಿನ ಅಂಗಡಿಯವರೇ. 1098 ಸಂಖ್ಯೆಯನ್ನು ಗಲ್ಲಾಪೆಟ್ಟಿಗೆ ಪಕ್ಕ ಒಂದು ಚೀಟಿಯಲ್ಲಿ ಬರೆದು ಅಂಟಿಸಿಡಿ.